ಕಾಳಿಗೊಂದು ಕಲ್ಲು: ಸಾಕಿದ ಪ್ರಾಣಿಯ ನೆನಪನ್ನು ಕೈಯಾರೆ ಉಳಿಸುವ ಬಗೆ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949–50ರ ಸುಮಾರಿಗೆ ಒಂದು ನಾಯಿಗೆ ಕಲ್ಲು ನಿಲ್ಲಿಸಿದರು. ಚೋಳರ ವಿರುದ್ಧದ ತಕ್ಕೋಲದ ಕಾಳಗದಲ್ಲಿ ಮಣಲೇರ ಎಂಬ ಯೋಧ ತೋರಿದ ಪರಾಕ್ರಮಕ್ಕೆ ಮೆಚ್ಚಿದ ಗಂಗರ ಅರಸ ಇಮ್ಮಡಿ ಬೂತುಗ ಏನು ಬೇಕೆಂದು ಕೇಳಿದಾಗ, ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡದೊಂದು ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಕಲ್ಲಿನಲ್ಲಿ ನಾಯಿಯ ಹೆಸರಿದೆ, ಅದು ಯಾರಿಂದ ಯಾರಿಗೆ ಬಂತೆಂಬುದಿದೆ, ಯಾರ ಮೇಲೆ ಎಗರಿತೆಂಬುದೂ ಇದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೋಗಿ ನೋಡಿ ಬಂದರೆ ಕೆಳಗಿನ ಅರ್ಧ ಕೆಲಸ ತಾನಾಗಿ ಅರ್ಥವಾಗುತ್ತದೆ. ಅಂಗಡಿಯಲ್ಲಿ ಸಿಗುವ ರೆಕ್ಕೆ ಕಟ್ಟಿದ ನಾಯಿಗೊಂಬೆ ಯಾವ ನಾಯಿಗಾದರೂ ಸಲ್ಲುತ್ತದೆ. ನಿಮ್ಮ ನಾಯಿಗೇ ಸಲ್ಲಬೇಕಾದರೆ ಅದರ ಪಾದ, ಕೂದಲು, ಹೆಸರು, ಅದು ಮಾಡುತ್ತಿದ್ದ ಕೆಲಸ ಇವೇ ಸಾಮಗ್ರಿ.

ಇವುಗಳಲ್ಲಿ ಕೆಲವು ಗಂಟೆಗಳಲ್ಲೇ ಕೈತಪ್ಪುತ್ತವೆ. ಹಾಗಾಗಿ ಯಾವುದು ಮೊದಲು ಕೈತಪ್ಪುತ್ತದೋ ಅದನ್ನೇ ಮೊದಲು ಹೇಳುತ್ತೇವೆ.

ಮೊದಲ ಎರಡು ಗಂಟೆ

ಪ್ರಾಣ ಹೋದ 2ರಿಂದ 6 ಗಂಟೆಯೊಳಗೆ ಮೈ ಸೆಟೆಯಲು ಶುರುವಾಗುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ. ಅದಕ್ಕೂ ಮೊದಲು ಕಾಲುಗಳನ್ನು ಮಲಗಿದ ಭಂಗಿಯಲ್ಲಿ ಹೊಟ್ಟೆಯ ಕಡೆ ಮಡಚಿಡಿ. ಚಾಚಿದ ಕಾಲು ಹಾಗೇ ಸೆಟೆದರೆ ಗುಂಡಿ ಒಂದೂವರೆ ಪಟ್ಟು ಅಗಲ ಬೇಕಾಗುತ್ತದೆ. ಕೆಳಗೆ ಹಳೇ ಬೆಡ್‌ಶೀಟ್ ಹಾಸಿ, ಐಸನ್ನು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಯ ಪಕ್ಕಕ್ಕಿಡಿ. ಇಲಿಜ್ವರದಂಥ ಸೋಂಕು ಮೂತ್ರದಿಂದ ಹರಡುವುದರಿಂದ ಕೈಗೆ ಗ್ಲೌಸ್ ಇರಲಿ. ರೇಬೀಸ್ ಶಂಕೆ ಸ್ವಲ್ಪವಿದ್ದರೂ ಮುಟ್ಟದೆ ಪಶುವೈದ್ಯರಿಗೆ ಫೋನ್ ಮಾಡಿ. ಅಂಥ ಪ್ರಾಣಿಯ ಕೂದಲು, ಪಾದದ ಅಚ್ಚು ಯಾವುದೂ ಬೇಡ.

ಮನೆಯಲ್ಲಿ ಇನ್ನೊಂದು ನಾಯಿಯೋ ಬೆಕ್ಕೋ ಇದ್ದರೆ, ಸತ್ತದ್ದು ಸೋಂಕಿನಿಂದಲ್ಲ ಎಂದು ಖಾತ್ರಿಯಾದಮೇಲೆ, ಅದಕ್ಕೂ ಮೂಸಲು ಬಿಡಿ. ಅಟ್ಟಬೇಡಿ.

ಪಾದದ ಮುದ್ರೆಗೆ ಎರಡು ದಾರಿ. ಸುಲಭದ್ದು ಶಾಯಿ. ಪಾದವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಬೆರಳ ನಡುವಿನ ಕೂದಲನ್ನು ಚಿಕ್ಕ ಕತ್ತರಿಯಿಂದ ತೆಗೆಯಿರಿ. ಸ್ಟಾಂಪ್ ಪ್ಯಾಡನ್ನು ಪಾದಕ್ಕೆ ಮೆಲ್ಲಗೆ ತಟ್ಟಿ. ದಪ್ಪ ಡ್ರಾಯಿಂಗ್ ಹಾಳೆಯನ್ನು ಪುಸ್ತಕದ ಮೇಲಿಟ್ಟು ಪಾದದ ಹತ್ತಿರಕ್ಕೆ ಒಯ್ಯಿರಿ. ಪಾದವನ್ನು ಹಾಳೆಯ ಕಡೆ ಎಳೆಯಬೇಡಿ. ಮೊದಲನೆಯ ಅಚ್ಚು ಸಾಮಾನ್ಯವಾಗಿ ಬರೀ ಕಪ್ಪು ಮುದ್ದೆ, ಅದನ್ನು ನೋಡಿ ಶಾಯಿ ಸಾಲದೆಂದು ಇನ್ನಷ್ಟು ಬಳಿಯುವವರೇ ಹೆಚ್ಚು. ಅದು ತಿರುಗುಮುರುಗು. ಶಾಯಿ ಕಡಿಮೆಯಾಗುತ್ತ ಬಂದ ಮೂರನೆಯ ನಾಲ್ಕನೆಯ ಅಚ್ಚಿನಲ್ಲೇ ಪಾದದ ಒಡಕುಗಳು ಕಾಣುವುದು. ಮೈ ಸೆಟೆದ ಮೇಲೂ ಇದನ್ನು ಮಾಡಬಹುದು.

ಎರಡನೆಯದು ಎರಕ. ಗಣೇಶನ ಮೂರ್ತಿಗೆ ಬಳಸುವಂಥ ಜೇಡಿಮಣ್ಣನ್ನು ಹದವಾಗಿ ನಾದಿ 3 ಸೆಂ.ಮೀ. ದಪ್ಪದ ಬಿಲ್ಲೆ ಮಾಡಿ, ಪಾದ ಒತ್ತಿ, ಮೇಲಿನಿಂದ ಒಂದೊಂದೇ ಬೆರಳನ್ನು ಅದುಮಿ. ಸುತ್ತ ಎರಡು ಬೆರಳೆತ್ತರದ ಮಣ್ಣಿನ ಕಟ್ಟೆ ಕಟ್ಟಿ. ಒಂದು ಲೋಟ ನೀರಿಗೆ ಎರಡು ಲೋಟ ಪ್ಲಾಸ್ಟರ್ ಆಫ್ ಪ್ಯಾರಿಸ್ ಲೆಕ್ಕ. ಪುಡಿಯನ್ನು ನೀರಿಗೆ ಉದುರಿಸಬೇಕು, ಪುಡಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಒಂದೆರಡು ನಿಮಿಷ ನೆನೆಯಲು ಬಿಟ್ಟು ನಿಧಾನವಾಗಿ ಕಲಸಿ. ಜೋರಾಗಿ ಕಡೆದರೆ ಗುಳ್ಳೆ ಸೇರಿ ಬೆರಳ ತುದಿಯಲ್ಲಿ ತೂತು ಬೀಳುತ್ತದೆ. ಐದು ನಿಮಿಷದೊಳಗೆ ಸುರಿದು ಕಟ್ಟೆಯನ್ನು ಹೊರಗಿನಿಂದ ತಟ್ಟಿ. ಅರ್ಧ ಗಂಟೆಗೆ ಗಟ್ಟಿಯಾಗುತ್ತದೆ, ಒಣಗಲು ವಾರ ಬೇಕು. ಮಣ್ಣು ಹಸಿಯಾಗಿದ್ದರೆ ಎಣ್ಣೆ ಹಚ್ಚುವುದೇ ಬೇಡ. ಗಟ್ಟಿಯಾಗದೆ ಮೊಸರಿನಂತೆ ಉಳಿದರೆ ತಪ್ಪು ನಿಮ್ಮದಲ್ಲ, ಪುಡಿ ಹಳೆಯದು, ಗಾಳಿಯ ತೇವ ಹೀರಿಕೊಂಡಿದೆ.

ಬದುಕಿರುವ ಮುದಿ ನಾಯಿಯದೇ ಅಚ್ಚು ತೆಗೆಯುವುದಿದ್ದರೆ (ಅದೇ ಒಳ್ಳೆಯದು) ಮಣ್ಣಿಗೆ ಮಾತ್ರ ಒತ್ತಿಸಿ. ಪ್ಲಾಸ್ಟರಿನೊಳಗೆ ಕಾಲು ಇಡಿಸಲೇಬೇಡಿ. ಗಟ್ಟಿಯಾಗುವಾಗ ಅದು ಸುಡುವಷ್ಟು ಬಿಸಿಯಾಗುತ್ತದೆ, ಕೂದಲಿಗೂ ಅಂಟುತ್ತದೆ.

ಮೈದಾ–ಉಪ್ಪಿನ ಹಿಟ್ಟಿನಲ್ಲಿ ಅಚ್ಚು ಮಾಡಿ ಎನ್ನುವ ವಿಡಿಯೋಗಳು ಬಹಳ. ಬಯಲುಸೀಮೆಯಲ್ಲಿ ಅದು ಹೇಗೋ ನಡೆದೀತು. ಮಂಗಳೂರು, ಕಾರವಾರ, ತೀರ್ಥಹಳ್ಳಿಯ ಕಡೆ ಮೊದಲ ಮಳೆಗೇ ಉಪ್ಪು ನೀರೆಳೆದು ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ, ಉಳಿದದ್ದನ್ನು ಇಲಿ ನೋಡಿಕೊಳ್ಳುತ್ತದೆ.

ಕೂದಲು

ಇದನ್ನು ಪ್ರಾಣಿ ಬದುಕಿರುವಾಗಲೇ ಬಾಚಿ ಕೂಡಿಡುವುದು ಸರಿ. ಉಣ್ಣೆಯಂತೆ ಕಟ್ಟಿಕೊಳ್ಳುವುದು ಮೇಲಿನ ಒರಟು ಕೂದಲಲ್ಲ, ಒಳಗಿನ ಹತ್ತಿಯಂಥ ಮೆತ್ತನೆಯದು. ಪೊಮೆರೇನಿಯನ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್‌ಗಳಲ್ಲಿ ಅದು ಧಾರಾಳ. ಮುಧೋಳ ನಾಯಿಯಲ್ಲಿ ಅಥವಾ ಬೀದಿನಾಯಿಯ ನುಣುಪು ಮೈಯಲ್ಲಿ ಸಿಗುವುದು ಚಿಕ್ಕ ನೆಟ್ಟನೆಯ ಕೂದಲು, ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ. ಅದಕ್ಕೆ ಅರ್ಧಕ್ಕರ್ಧ, ಬೇಕಾದರೆ ಇನ್ನೂ ಹೆಚ್ಚು, ಹಿಂಜಿದ ಕುರಿಯುಣ್ಣೆ ಸೇರಿಸಬೇಕು.

ನೆಲ್ಲಿಕಾಯಿ ಗಾತ್ರದ ಉಂಡೆಗೆ 5ರಿಂದ 10 ಗ್ರಾಂ ಸಾಕು. ಅಂಟುವಾಳದ ನೀರಿನಲ್ಲಿ ಉಜ್ಜದೆ ಅದ್ದಿ ತೆಗೆದು, ನೆರಳಲ್ಲಿ ಒಣಗಿಸಿ. ಆಮೇಲೆ ಸಡಿಲವಾಗಿ ಉಂಡೆ ಸುತ್ತಿ, ಬಿಸಿ ಸೋಪಿನ ನೀರಲ್ಲಿ ಅದ್ದುತ್ತ, ಅಂಗೈಯಲ್ಲಿ ಮೊದಲು ಗರಿಯಂತೆ ಹಗುರವಾಗಿ, ಹತ್ತು ನಿಮಿಷದ ನಂತರ ಒತ್ತಿ ಉರುಳಿಸಿ. ಶುರುವಿನಲ್ಲೇ ಒತ್ತಿದರೆ ಸೀಳು ಬಿಡುತ್ತದೆ. ಆ ಸೀಳು ಮತ್ತೆ ಮುಚ್ಚುವುದಿಲ್ಲ, ಹೊಸ ಪದರ ಸುತ್ತಬೇಕಾಗುತ್ತದೆ. ಒಣಗಿದ ಉಂಡೆಗೆ ಸೂಜಿಯಿಂದ ದಾರ ಪೋಣಿಸಿ ಬೀಗದ ಕೈಗೆ ಕಟ್ಟಿಕೊಳ್ಳಬಹುದು. ಉಳಿದ ಕೂದಲನ್ನು ಪೂರ್ತಿ ಒಣಗಿದ ಬೇವಿನ ಸೊಪ್ಪಿನ ಜೊತೆ ಗಾಜಿನ ಡಬ್ಬಿಯಲ್ಲಿ ಮುಚ್ಚಿಡಿ; ಉಣ್ಣೆಯ ನುಸಿಗೆ ನಾಯಿಕೂದಲೂ ಒಂದೇ.

ಮಣ್ಣು, ಬೂದಿ, ಗಿಡ

20–25 ಕಿಲೋ ತೂಕದ ನಾಯಿಗೆ 4 ಅಡಿ ಉದ್ದ, ಎರಡೂವರೆ ಅಡಿ ಅಗಲ, 4 ಅಡಿ ಆಳ. ಮೈ ಮೇಲೆ ಕನಿಷ್ಠ 3 ಅಡಿ ಮಣ್ಣು ಬೀಳಬೇಕು. ಬಾವಿಯಿಂದ, ಬೋರ್‌ವೆಲ್‌ನಿಂದ 100 ಅಡಿ ದೂರವಿರಲಿ. ಸುತ್ತುವುದು ಹತ್ತಿಬಟ್ಟೆಯಲ್ಲಿ ಮಾತ್ರ. ಪ್ಲಾಸ್ಟಿಕ್ ಚೀಲದಲ್ಲಿ ಹೂತದ್ದು ವರ್ಷಗಟ್ಟಲೆ ಕರಗದು. ಇಂಜೆಕ್ಷನ್ ಕೊಟ್ಟು ಸಾವು ತಂದಿದ್ದರೆ ಆಳದ ಬಗ್ಗೆ ರಾಜಿಯೇ ಬೇಡ: ಔಷಧ ದೇಹದಲ್ಲೇ ಉಳಿದಿರುತ್ತದೆ, ಅಗೆದು ತಿಂದ ನರಿಗೋ ಬೀದಿನಾಯಿಗೋ ಅದೇ ವಿಷ. ಎರಡಡಿ ಮುಚ್ಚಿದ ಮೇಲೆ ಚಪ್ಪಡಿಕಲ್ಲು ಇಲ್ಲವೇ ಮುಳ್ಳುಕಂಟಿ ಹಾಕಿ, ಉಳಿದ ಮಣ್ಣು ತುಂಬಿ, ಮೇಲೆ ಒಂದಡಿ ದಿಬ್ಬ ಬಿಡಿ. ಇವತ್ತಿನ ದಿಬ್ಬ ಮಳೆಗಾಲ ಕಳೆದ ಮೇಲೆ ಸಮನಾಗುತ್ತದೆ.

ನಮ್ಮ ಕಡೆ ಉಪ್ಪು ಹಾಕಿ ಹೂಳುವ ರೂಢಿಯಿದೆ. ಅದರ ಮೇಲೆಯೇ ಗಿಡ ನೆಡುವುದಾದರೆ ಎರಡೂ ಒಟ್ಟಿಗೆ ಆಗುವ ಮಾತಲ್ಲ. ಉಪ್ಪು ಕೊಳೆಯುವುದನ್ನು ತಡೆಯುತ್ತದೆ, ಬೇರನ್ನೂ ಸುಡುತ್ತದೆ. ಹಿರಿಯರು ಈಗಾಗಲೇ ಒಂದು ಮೂಟೆ ಸುರಿದಿದ್ದರೆ ಜಗಳ ಬೇಡ, ಗಿಡವನ್ನು ಐದಡಿ ಆಚೆ ನೆಡಿ. ಉಪ್ಪಿಲ್ಲದಿದ್ದರೂ ಗುಂಡಿಯ ನೆತ್ತಿಯ ಮೇಲೆ ನೆಡದೆ ಮೂರಡಿ ಪಕ್ಕಕ್ಕೆ ನೆಟ್ಟರೆ ಬೇರು ತಾನೇ ಹುಡುಕಿಕೊಂಡು ಬರುತ್ತದೆ. ಪಾರಿಜಾತ, ಹೊಂಗೆ, ನಂದಿಬಟ್ಟಲು ಇವು ಸಾಮಾನ್ಯವಾಗಿ ಕೈಕೊಡವು. ಕಣಗಿಲೆ ಬೇಡ, ಮುಂದೆ ಬರುವ ನಾಯಿಮರಿ ಅದರ ಎಲೆ ಅಗಿದರೆ ಇನ್ನೊಂದು ಗುಂಡಿ ತೋಡಬೇಕಾದೀತು.

ಸುಟ್ಟಿದ್ದರೆ ಬೂದಿಯ ಲೆಕ್ಕ: ವಿದ್ಯುತ್ ಚಿತಾಗಾರದಿಂದ ಬರುವುದು ಮೈತೂಕದ ಪ್ರತಿ ಕಿಲೋಗೆ ಸುಮಾರು 35 ಮಿಲಿ. ಅಂದರೆ 20 ಕಿಲೋ ನಾಯಿಗೆ 700 ಮಿಲಿ, ಒಂದು ಮಧ್ಯಮ ತಂಬಿಗೆಯಷ್ಟು. ಅದು ಹೆಚ್ಚುಕಡಿಮೆ ಮೂಳೆಯ ಪುಡಿ, ಸುಣ್ಣದಂತೆ ಕ್ಷಾರ. ಕುಂಡದ ತಳಕ್ಕೆ ಸುರಿದು ಗಿಡ ಇಟ್ಟರೆ ತಿಂಗಳೊಪ್ಪತ್ತಿನಲ್ಲಿ ಎಲೆ ಹಳದಿಗಟ್ಟಿ ಗಿಡ ಹೋಗುತ್ತದೆ, ಮನೆಯವರು ಅದನ್ನು ಅಪಶಕುನ ಅಂದುಕೊಳ್ಳುತ್ತಾರೆ. ಒಂದು ಲೋಟ ಬೂದಿಗೆ 20 ಲೋಟವಾದರೂ ಮಣ್ಣು ಮತ್ತು ಎಲೆಗೊಬ್ಬರ ಬೆರೆಸಿ. ಎಲ್ಲ ಬೂದಿಯೂ ಒಂದೇ ಕುಂಡಕ್ಕೆ ಹೋಗಬೇಕೆಂದಿಲ್ಲ, ಎರಡು ಚಮಚ ಸಾಕು. ಕೇಪಳದಂಥ ಹುಳಿಮಣ್ಣಿನ ಗಿಡ ಇದಕ್ಕೆ ಒಗ್ಗದು.

ಕಲ್ಲು

ಹೂತ ಜಾಗದ ಮೇಲೆ ಕಲ್ಲು ನಿಲ್ಲಿಸಲು ಒಂದು ಮಳೆಗಾಲ ಕಾಯಿರಿ. ಅವಸರ ಮಾಡಿದ ಕಲ್ಲು ಮಣ್ಣು ಕುಸಿದಂತೆ ವಾಲುತ್ತದೆ. ಆ ಆರೇಳು ತಿಂಗಳು ಬರಹ ತಿದ್ದಲು ಬೇಕೇಬೇಕು.

2 ಅಡಿ ಎತ್ತರ, 1 ಅಡಿ ಅಗಲ, 3 ಇಂಚು ದಪ್ಪದ ಕಲ್ಲು 35–40 ಕಿಲೋ ತೂಗುತ್ತದೆ, ಇಬ್ಬರು ಎತ್ತಬಹುದು. ಮೂರನೇ ಒಂದು ಭಾಗ ನೆಲದೊಳಗೆ ಹೋಗುವುದರಿಂದ ಬರಹಕ್ಕೆ ಉಳಿಯುವುದು ಸುಮಾರು 16 ಇಂಚು. ಬಳಪದ ಕಲ್ಲಿನ ಕೆತ್ತನೆ ನವಿರು, ಆದರೆ ಬಯಲಲ್ಲಿ ಬೇಗ ಸವೆದು ಪಾಚಿ ಕಟ್ಟುತ್ತದೆ. ಬಯಲಿಗೆ ಗ್ರಾನೈಟೇ ಸರಿ. ಕೆತ್ತುವವರು ಬೇಕಿದ್ದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ, ಇಲ್ಲವೇ ಕಾರ್ಕಳದ ಕಡೆ ವಿಚಾರಿಸಿ. ದೇವರ ವಿಗ್ರಹ ಮಾಡುವವರು ನಾಯಿಯದೆಂದು ಕೇಳಿ ಹಿಂಜರಿದರೆ ಆತಕೂರಿನ ಕಲ್ಲಿನ ಫೋಟೋ ತೋರಿಸಿ. ಅದರ ಶಾಸನದಲ್ಲಿ, ಈ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ (ಅಲ್ಲಿನ ಶೈವ ಪೂಜಾರಿಗೆ) ನಾಯಿ ಮಾಡಿದ ಪಾಪ ತಗಲುತ್ತದೆ ಎಂದೇ ಬರೆದಿದೆ.

ಎಡವುವುದು ಹೆಚ್ಚಾಗಿ ಅಕ್ಷರದಲ್ಲಿ. ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ, ಇಂಗ್ಲಿಷಿನ ಸಾಲಿನ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಅಕ್ಷರ ಒಂದೂಕಾಲು ಇಂಚಿಗೆ ಕಡಿಮೆ ಬೇಡ, ಸಾಲಿನಿಂದ ಸಾಲಿಗೆ ಅದರ ಎರಡರಷ್ಟು ಬಿಡಿ. ಮೇಲೆ ಕೆಳಗೆ ಅಂಚು ಬಿಟ್ಟರೆ ಆ ಲೆಕ್ಕದಲ್ಲಿ ಐದು ಸಾಲು ಹಿಡಿಯುತ್ತವೆ, ಅದಕ್ಕಿಂತ ಹೆಚ್ಚಿಲ್ಲ. ಒತ್ತು ಕಡಿಮೆಯಿರುವ ಮಾತು ಆರಿಸಿ: ‘ಸ್ಮರಣಾರ್ಥ’ ಎಂಬುದು ಕಲ್ಲಿನಲ್ಲಿ ಮುದ್ದೆಯಾಗುತ್ತದೆ, ‘ನೆನಪಿಗೆ’ ನೂರು ವರ್ಷ ಓದಲು ಬರುತ್ತದೆ. ಕೆತ್ತನೆ 3 ಮಿ.ಮೀ. ಆಳವಿರಲಿ; ಆಗ ನೆರಳೇ ಅಕ್ಷರವನ್ನು ಎತ್ತಿ ತೋರಿಸುತ್ತದೆ. ಮೇಲೆ ತುಂಬುವ ಚಿನ್ನದ ಬಣ್ಣ ಕೆಲವೇ ವರ್ಷದಲ್ಲಿ ಚಕ್ಕೆ ಏಳುತ್ತದೆ. ಕಲ್ಲಿನ ಮುಖ ಪೂರ್ವಕ್ಕಿದ್ದರೆ ಬೆಳಗಿನ ಓರೆ ಬಿಸಿಲಲ್ಲಿ ಚೆನ್ನಾಗಿ ಕಾಣುತ್ತದೆ.

ಲೇಸರ್ ಅಂಗಡಿಗೆ ಕೊಡುವುದಾದರೆ ವಾಟ್ಸಾಪಿನಲ್ಲಿ ಬರಹ ಕಳಿಸಿ ಸುಮ್ಮನಾಗಬೇಡಿ. ಅವರ ಸಾಫ್ಟ್‌ವೇರ್ ಹಳೇ ‘ನುಡಿ’, ‘ಬರಹ’ ಫಾಂಟುಗಳಿಗೆ ಹೊಂದಿಕೊಂಡಿದ್ದರೆ ಯೂನಿಕೋಡ್ ಅಕ್ಷರ ಒಡೆದು, ಒತ್ತು ಪಕ್ಕಕ್ಕೆ ಸಿಡಿಯುತ್ತದೆ. ಅಕ್ಷರಗಳನ್ನು ಕರ್ವ್‌ಗೆ (ಫಾಂಟ್ ಬೇಡದ ಗೆರೆಚಿತ್ರಕ್ಕೆ) ಬದಲಿಸಿದ ಪಿಡಿಎಫ್ ಕೊಡಿ, ಕಲ್ಲಿನಷ್ಟೇ ದೊಡ್ಡ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ, ಮನೆಯವರಲ್ಲದ ಒಬ್ಬರಿಂದ ಗಟ್ಟಿಯಾಗಿ ಓದಿಸಿ. ಫೋಟೋ ಕೆತ್ತಿಸುವ ಆಸೆಯಿದ್ದರೆ ಅದು ಪಾಲಿಶ್ ಮಾಡಿದ ಅಚ್ಚ ಕರಿಕಲ್ಲಿನ ಮೇಲೆ ಮಾತ್ರ ಕಾಣುತ್ತದೆ. ಬೂದುಬಣ್ಣದ್ದರಲ್ಲಿ ಕರಗಿಹೋಗುತ್ತದೆ.

ಏನು ಬರೆಯಬೇಕು? ‘ನಿಷ್ಠೆ’, ‘ಪ್ರೀತಿ’ ಬೇಡ, ಅದು ಎಲ್ಲ ನಾಯಿಗೂ ಇರುತ್ತದೆ. ಕಾಳಿಗೆ ಹಂದಿಯಿತ್ತು. ನಿಮ್ಮದಕ್ಕೆ? ‘ಕೆಂಚ. ತೋಟದೊಳಗೆ ಒಂದು ಮಂಗ ಬಿಡಲಿಲ್ಲ. 2013–2025.’ ಬೆಕ್ಕಾದರೆ ‘ಬೆಳ್ಳಿ. ಅಕಿಯ ಡಬದ ಮೇಲೆ ಮಲಗಿದಳು’ ಎಂದು ಒತ್ತು ತಪ್ಪಿಸಲು ಹೋಗಿ ಕಾಗುಣಿತ ಕೆಡಿಸಬೇಡಿ; ‘ಕಣಜದ ಮೇಲೆ’ ಎಂದು ಪದವನ್ನೇ ಬದಲಿಸಿ. ವೀರಗಲ್ಲಿನಂತೆ ಮೂರು ಅಂಕಣ ಮಾಡಿಸುವುದೂ ಚೆಂದ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಕೈಲಾಸದ ಜಾಗದಲ್ಲಿ ಅದಕ್ಕೆ ಹತ್ತಲು ಬಿಡದಿದ್ದ ಸೋಫಾ ಕೆತ್ತಿಸಿದರೂ ತಪ್ಪಿಲ್ಲ.

ಬೊಗಳು

ಫೋನಿನಲ್ಲಿರುವ ವಿಡಿಯೋಗಳಿಂದ ದನಿಯನ್ನು ಬೇರೆ ಮಾಡಿ, ಎರಡು ಕಡೆ ಕಾಪಿ ಇಡಿ. ವಾಟ್ಸಾಪಿನಲ್ಲಿ ಹೋಗಿಬಂದದ್ದಲ್ಲ, ಮೂಲದ್ದೇ ಆಗಬೇಕು. ಕಲ್ಲಿಗೆ ಕ್ಯೂಆರ್ ಕೋಡ್ ಕೆತ್ತಿಸುವ ಸಲಹೆ ಕೇಳಿಬರುತ್ತದೆ. ಆ ಲಿಂಕ್ ಕಲ್ಲಿಗಿಂತ ಮೊದಲೇ ಸಾಯುತ್ತದೆ.

ಕಲ್ಲುಮರಿಗೆ

ಊರ ದಾರಿಯಲ್ಲಿ ಅರವಟ್ಟಿಗೆ ಇಡುತ್ತಿದ್ದ ನಾಡಿದು. ಗೇಟಿನ ಹೊರಗೆ ಒಂದು ಮರಿಗೆ, ಅಂದರೆ ನೀರಿನ ಕಲ್ಲುತೊಟ್ಟಿ, ಇಟ್ಟರೆ ಬೀದಿನಾಯಿ, ದನ, ಅಳಿಲು, ಕಾಗೆ ಎಲ್ಲಕ್ಕೂ ಆಗುತ್ತದೆ. ಒಳಗಿನ ಆಳ 6 ಇಂಚು ಸಾಕು. ಆಳ ಹೆಚ್ಚಾದರೆ ಅಳಿಲುಮರಿ ಬಿದ್ದು ಮುಳುಗುತ್ತದೆ. ಹೇಗಿದ್ದರೂ ಒಂದು ಮೂಲೆಗೆ ನೀರಿನಿಂದ ತಲೆಯೆತ್ತುವ ಒರಟು ಕಲ್ಲಿಡಿ. ತಳದಲ್ಲಿ ಮುಕ್ಕಾಲು ಇಂಚಿನ ತೂತು ಕೊರೆಸಿ ಬಿರಡೆ ಹಾಕಿಸಿ, ಇಲ್ಲದಿದ್ದರೆ 60 ಕಿಲೋ ಕಲ್ಲನ್ನು ಮಗುಚಿ ತೊಳೆಯುವವರಿಲ್ಲದೆ ಅದು ಪಾಚಿಗುಂಡಿಯಾಗುತ್ತದೆ. ಮಧ್ಯಾಹ್ನದ ಬಿಸಿಲು ಬೀಳದ ಜಾಗ ಬೇಕು. ಹೆಸರನ್ನು ಹೊರಮೈಯಲ್ಲಿ ಕೆತ್ತಿಸಿ, ಅಂಚಿನ ಮೇಲಲ್ಲ; ಅಂಚು ದನದ ಗದ್ದಕ್ಕೆ ಸವೆಯುತ್ತದೆ.

ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರಲು ಸುಮಾರು 7ರಿಂದ 10 ದಿನ ಸಾಕು. ಮೊಟ್ಟೆ ಅಂಟುವುದು ನೀರಿನ ಅಂಚಿನ ಗೋಡೆಗೆ, ಒಣಗಿದರೂ ತಿಂಗಳುಗಟ್ಟಲೆ ಸಾಯದು. ಬರೀ ನೀರು ಚೆಲ್ಲಿ ಮತ್ತೆ ತುಂಬಿದರೆ ಪ್ರಯೋಜನವಿಲ್ಲ, ತೆಂಗಿನ ನಾರಿನಿಂದ ಗೋಡೆ ತಿಕ್ಕಬೇಕು, ವಾರಕ್ಕೆ ಎರಡು ಸಲ. ಕಲ್ಲಿಗೆ ಮುಂಗಡ ಕೊಡುವ ಮೊದಲು ತಿಕ್ಕುವವರು ಯಾರೆಂದು ಮನೆಯಲ್ಲಿ ಗೊತ್ತುಮಾಡಿಕೊಳ್ಳಿ. ಯಾರೂ ಒಪ್ಪದಿದ್ದರೆ ಪಾರಿಜಾತವೇ ಸಾಕು.