ಯುದ್ಧ ಸ್ಮಾರಕಗಳ ಸುತ್ತು: ಇಬ್ಬರು, ಒಂದು ಕಾರು, ಮೂರು ದಿನ

ನಮ್ಮ ಮನೆಯಲ್ಲಿ ಪ್ರವಾಸ ಅಂದರೆ ಒಂದು ಹಳೇ ಜಗಳ. ನಮ್ಮ ಯಜಮಾನರಿಗೆ ಸ್ಮಾರಕದ ಮುಂದಿನ ಬೋರ್ಡನ್ನು ಕೊನೆಯ ಸಾಲಿನವರೆಗೂ ಓದಬೇಕು. ನನಗೆ ಎರಡನೇ ಪ್ಯಾರಾ ಬರುವಷ್ಟರಲ್ಲಿ ಕಾಫಿ ಬೇಕು. ಗಾಡಿ ಓಡಿಸುವವಳು ನಾನಾದ್ದರಿಂದ ಕೊನೆಗೆ ಗೆಲ್ಲುವುದೂ ನಾನೇ, ಆದರೆ ಗೆದ್ದ ಮೇಲೆ ಮುಂದಿನ ಐವತ್ತು ಕಿಲೋಮೀಟರ್ ಪಕ್ಕದ ಸೀಟಿನಿಂದ ಒಂದು ಮಾತೂ ಬರುತ್ತಿರಲಿಲ್ಲ. ಬೆಂಗಳೂರಿನಿಂದ ಶ್ರೀರಂಗಪಟ್ಟಣ, ಅಲ್ಲಿಂದ ಮಡಿಕೇರಿ, ವಾಪಸ್ ಬರುವಾಗ ಸಕಲೇಶಪುರ, ಹೀಗೆ ಒಂದು ಸುತ್ತು ಹಾಕುವಾಗ ಇದಕ್ಕೆ ದಾರಿ ಸಿಕ್ಕಿತು. ಎರಡು ಸಲ ಹೋಗಿದ್ದೇವೆ. ಮೊದಲ ಸಲ ಮಾಡಬಾರದ್ದೆಲ್ಲ ಮಾಡಿದೆವು. ಎರಡನೇ ಸಲ ಹೇಗೆ ಹೋದೆವು ಅನ್ನುವುದು ಇಲ್ಲಿದೆ.

ನಮ್ಮ ಉಪಾಯ ತುಂಬಾ ಸುಲಭದ್ದು. ಯಾವ ಸ್ಮಾರಕದ ಮುಂದೆ ನಿಂತರೂ ಎರಡೇ ಪ್ರಶ್ನೆ. ಇಲ್ಲಿ ಸತ್ತವರು ಯಾರು? ಈ ಕಲ್ಲು ನಿಲ್ಲಿಸಿದವರು ಯಾರು? ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಉತ್ತರ ಹುಡುಕಬೇಕು. ಎರಡೂ ಸಿಕ್ಕಿದರೆ ಕಾಫಿ. ಕೇಳುವುದಕ್ಕೆ ಮಕ್ಕಳಾಟದ ಹಾಗಿದೆ, ಅಲ್ವಾ? ಆದರೆ ಈ ಎರಡನೇ ಪ್ರಶ್ನೆಯಿಂದಲೇ ನಾನು ಬೋರ್ಡ್ ಓದುವವಳಾದೆ.

ಮೊದಲು ಸಿದ್ಧತೆ. ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕೊಡಗಿನ ಕಡೆ ಹೋಗಲೇಬೇಡಿ ಅನ್ನುವುದಿಲ್ಲ, ಆದರೆ ಮಂಜು, ಮಣ್ಣು ಕುಸಿತ ಎಲ್ಲ ನೋಡಿಕೊಂಡು ಗಾಡಿ ಓಡಿಸುವುದರಲ್ಲೇ ದಿನ ಕಳೆದುಹೋಗುತ್ತದೆ. ವಾರದ ರಜೆ ಯಾವತ್ತು ಅಂತ ಪ್ರತಿ ಮ್ಯೂಸಿಯಂಗೂ ಒಂದು ಫೋನ್ ಮಾಡಿ ಕೇಳಿ. ಮೊದಲ ಸಲ ನಾವು ಒಂದು ಮ್ಯೂಸಿಯಂ ಗೇಟಿನ ಮುಂದೆ ಬೀಗ ನೋಡಿಕೊಂಡು ನಿಂತಿದ್ದೆವು. ಅಂತರ್ಜಾಲದಲ್ಲಿ ತೆರೆದಿದೆ ಅಂತ ಇತ್ತು, ಬೀಗಕ್ಕೆ ಅದು ಗೊತ್ತಿರಲಿಲ್ಲ. ಪುರಾತತ್ವ ಇಲಾಖೆಯ ಟಿಕೆಟ್ ಇರುವ ಕಡೆ ಮೊಬೈಲಲ್ಲೇ ಹಣ ಕಟ್ಟಿದರೆ ಐದು ರೂಪಾಯಿ ಕಡಿಮೆ, ಸಾಲಿನಲ್ಲಿ ನಿಲ್ಲುವುದೂ ತಪ್ಪುತ್ತದೆ. ಟೋಪಿ, ನೀರು, ಒಂದು ಸಣ್ಣ ಟಾರ್ಚ್ ಇಟ್ಟುಕೊಳ್ಳಿ. ಟಾರ್ಚ್ ಯಾಕೆ ಅಂತ ಈಗ ಹೇಳುತ್ತೇನೆ.

ನಮ್ಮ ನಾಡಿನಲ್ಲಿ ಯುದ್ಧ ಸ್ಮಾರಕ ಅನ್ನುವುದು ಇಂಗ್ಲಿಷರು ತಂದ ವಿಷಯ ಅಲ್ಲ. ಸಾವಿರ ವರ್ಷಕ್ಕೂ ಹಿಂದಿನಿಂದ ಊರೂರಲ್ಲಿ ವೀರಗಲ್ಲು ಇದೆ. ಹಾಗಾಗಿ ಸುತ್ತು ಶುರುವಾಗಬೇಕಾದದ್ದು ಅಲ್ಲಿಂದಲೇ. ಬೆಂಗಳೂರಿನ ಬೇಗೂರು ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಒಂದು ಕಲ್ಲಿದೆ. ಗಂಗರ ಅಧಿಕಾರಿ ನಾಗತ್ತರನ ಮಗ ಬೆಂಗಳೂರು ಕಾಳಗದಲ್ಲಿ ಸತ್ತ ಅಂತ ಅದರಲ್ಲಿ ಬರೆದಿದೆ. ನಮ್ಮ ಊರಿನ ಹೆಸರು ಇಷ್ಟು ಹಿಂದೆಯೇ ಇತ್ತು ಅಂತ ಹೇಳುವ ಕಲ್ಲು ಒಬ್ಬ ಸತ್ತ ಹುಡುಗನದ್ದು. ಕೆಂಪೇಗೌಡರಿಗೂ ಆರು ನೂರು ವರ್ಷಕ್ಕಿಂತ ಹಿಂದಿನದು. ಮಧ್ಯಾಹ್ನ ದೇವಸ್ಥಾನ ಮುಚ್ಚುತ್ತಾರೆ, ಬೆಳಿಗ್ಗೆ ಬೇಗ ಹೋಗಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ: ಕುದುರೆ, ಬಿಲ್ಲು, ಕೆಲವು ಸಲ ಅಟ್ಟಿಕೊಂಡು ಹೋಗುತ್ತಿರುವ ದನಗಳು. ದನ ಕಂಡರೆ ಆತ ತುರುಗಾಳಗದಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಸತ್ತವನು. ಮಧ್ಯದಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತಿರುತ್ತಾರೆ. ಎಲ್ಲಕ್ಕಿಂತ ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ, ತುದಿಯಲ್ಲಿ ಸೂರ್ಯ ಚಂದ್ರ. ಅವೆರಡೂ ಇರುವವರೆಗೆ ಇವನ ಹೆಸರು ಇರಲಿ ಅಂತ. ನಡು ಮಧ್ಯಾಹ್ನದ ಬಿಸಿಲಲ್ಲಿ ಕೆತ್ತನೆ ಏನೂ ಕಾಣುವುದಿಲ್ಲ, ಎಲ್ಲ ಚಪ್ಪಟೆ. ಬೆಳಿಗ್ಗೆ ಅಥವಾ ಸಂಜೆ ಹೋಗಿ, ಇಲ್ಲದಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೆರಳು ಬಿದ್ದು ಅಕ್ಷರ ಎದ್ದು ಬರುತ್ತದೆ. ಮೊದಲ ಸಲ ನೋಡಿದಾಗ ನಾನು ನಿಜಕ್ಕೂ ಕೂಗಿಬಿಟ್ಟೆ. ಅಕ್ಷರ ಕಾಣಲಿ ಅಂತ ಸುಣ್ಣ, ಹಿಟ್ಟು, ಎಣ್ಣೆ ಮಾತ್ರ ಸವರಬೇಡಿ.

ಬೆಂಗಳೂರಿನ ಒಳಗಿನ ಕಲ್ಲುಗಳನ್ನು ಹಿಂದಿನ ವಾರದ ಒಂದು ಬೆಳಿಗ್ಗೆ ಮೆಟ್ರೋದಲ್ಲಿ ಹೋಗಿ ಮುಗಿಸಿ, ಅಲ್ಲಿ ಕಾರು ತಲೆನೋವು. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಆತಕೂರಿನ ಕಲ್ಲು ಸೇರಿದೆ, ಸುಮಾರು 949ರದ್ದು. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಕಾಲದಲ್ಲಿ, ಮಣಲೇರ ಅನ್ನುವ ವೀರನಿಗೆ ದೊರೆ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ನಾಯಿ. ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಕಲ್ಲಿನಲ್ಲಿರುವುದು ಆ ನಾಯಿ ಮತ್ತು ಹಂದಿ. ನಾಯಿಗೂ ಸ್ಮಾರಕ ಇಟ್ಟವರು ನಾವು! ಅಲ್ಲಿಂದ ನೆಹರು ತಾರಾಲಯದ ಹತ್ತಿರ ಇರುವ ರಾಷ್ಟ್ರೀಯ ಸೈನಿಕ ಸ್ಮಾರಕಕ್ಕೆ ಹೋಗಿ. ಅಲ್ಲಿ 75 ಅಡಿಯ ಒಂದೇ ಕಲ್ಲು ನಿಲ್ಲಿಸಿ ಅದಕ್ಕೂ ವೀರಗಲ್ಲು ಅಂತಲೇ ಹೆಸರಿಟ್ಟಿದ್ದಾರೆ. ಬೇಗೂರಿನದನ್ನು ನೋಡಿದ ಮೇಲೆ ಆ ಹೆಸರಿಗೆ ಒಂದು ತೂಕ ಬರುತ್ತದೆ. ಸಮಯ ಇದ್ದರೆ ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಕುದುರೆ ಮೇಲೆ ಹೋಗಿ ಗೆದ್ದ ಮೈಸೂರಿನ ಪಡೆಯದು. ಪಕ್ಕದಲ್ಲೇ ಓಡಾಡುವ ಎಷ್ಟೋ ಜನರಿಗೆ ಅದು ಏನು ಅಂತ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ.

ಈಗ ಹೆದ್ದಾರಿ. ಬೇಗೂರು ಮುಗಿಸಿ ನೈಸ್ ರಸ್ತೆ ಹಿಡಿದರೆ ಊರೊಳಗೆ ನುಗ್ಗದೆ ಮೈಸೂರು ರಸ್ತೆ ಸೇರಬಹುದು. ಬೈಕಲ್ಲಿ ಹೋಗುವ ಜೋಡಿಗಳು ಗಮನಿಸಿ: 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೋ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಕಾರಿಗೆ 100ರ ಮಿತಿ ಇದೆ, ಕ್ಯಾಮೆರಾನೂ ಇದೆ. ಇನ್ನೊಂದು, ಈ ರಸ್ತೆ ರಾಮನಗರ, ಮದ್ದೂರು, ಮಂಡ್ಯ ಎಲ್ಲವನ್ನೂ ಬಿಟ್ಟು ಹೊರಗಿನಿಂದಲೇ ಹೋಗುತ್ತದೆ. ಮದ್ದೂರು ವಡೆ ಬೇಕಿದ್ದರೆ ಮೊದಲೇ ನೋಡಿಕೊಂಡು ಕೆಳಗಿಳಿಯಿರಿ. ಒಂದು ಇಳಿಜಾರು ತಪ್ಪಿದರೆ ಮುಗಿಯಿತು, ಹಸಿದ ಗಂಡನ ಜೊತೆ ಶ್ರೀರಂಗಪಟ್ಟಣದವರೆಗೂ ಹೋಗಬೇಕು.

ಶ್ರೀರಂಗಪಟ್ಟಣಕ್ಕೆ ಪೂರ್ತಿ ಒಂದು ದಿನ ಕೊಡಿ. ಮೈಸೂರಿಗೆ ಹೋಗುವ ದಾರಿಯಲ್ಲಿ ಎರಡು ಗಂಟೆ ನಿಲ್ಲಿಸಿ ಮುಂದೆ ಹೋಗುವವರೇ ಜಾಸ್ತಿ, ಆಮೇಲೆ ಅಲ್ಲೇನಿದೆ ಅಂತ ಕೇಳುತ್ತಾರೆ. ಬೇಗೂರಿನಿಂದ ಬರುವಷ್ಟರಲ್ಲಿ ಬಿಸಿಲು ಏರಿರುತ್ತದೆ, ಆದ್ದರಿಂದ ಮೊದಲು ನೆರಳಿರುವ ಜಾಗ, ಸಂಜೆ ಕೋಟೆ. ಹಾಗೆ ಮಾಡಿದರೆ ಇನ್ನೊಂದು ಲಾಭ ಇದೆ. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಕರ್ನಲ್ ಬೇಯ್ಲಿ ಅನ್ನುವ ಒಬ್ಬನೇ ಮನುಷ್ಯನನ್ನು ಮೂರು ಕಡೆ ಹಿಂಬಾಲಿಸಬಹುದು. ನಮ್ಮ ಎರಡನೇ ಪ್ರಶ್ನೆಗೆ ಇಷ್ಟು ಚೆನ್ನಾದ ಉತ್ತರ ಬೇರೆಲ್ಲೂ ಸಿಕ್ಕಿಲ್ಲ.

ಮೊದಲು ದರಿಯಾ ದೌಲತ್, 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಪಶ್ಚಿಮದ ಹೊರಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ಇದೆ. ಹೈದರ್ ಮತ್ತು ಟಿಪ್ಪು ಕಂಪನಿ ಸೈನ್ಯವನ್ನು ಬಗ್ಗುಬಡಿದ ಯುದ್ಧ. ಸುತ್ತ ಸೈನಿಕರು ಮುತ್ತಿಕೊಂಡಿದ್ದಾರೆ, ಮಧ್ಯೆ ಪಲ್ಲಕ್ಕಿಯಲ್ಲಿ ಕೂತಿರುವವನೇ ಬೇಯ್ಲಿ. ಗೆದ್ದವರು ಬರೆಸಿದ ಚಿತ್ರ. ತಮಾಷೆ ಅಂದರೆ ಆಮೇಲೆ ಇದನ್ನು ಉಳಿಸಿದವರು ಸೋತವರ ಕಡೆಯವರೇ: 1799ರ ನಂತರ ಇಲ್ಲಿ ವಾಸವಾಗಿದ್ದ ಇಂಗ್ಲಿಷ್ ಸೇನಾಧಿಕಾರಿ ವೆಲ್ಲೆಸ್ಲಿ ಒಮ್ಮೆ ಸರಿ ಮಾಡಿಸಿದ, 1855ರಲ್ಲಿ ಗವರ್ನರ್ ಜನರಲ್ ಡಾಲ್ಹೌಸಿ ಮತ್ತೆ ಬಣ್ಣ ಹಾಕಿಸಿದ. ಚಿತ್ರ ತುಂಬಾ ಕಿಕ್ಕಿರಿದಿದೆ. ಇಬ್ಬರೂ ಗೋಡೆಯ ಒಂದೊಂದು ತುದಿಯಿಂದ ಶುರುಮಾಡಿ ಮಧ್ಯದಲ್ಲಿ ಸೇರಿ, ನೋಡಿದ್ದನ್ನು ಹೇಳಿಕೊಳ್ಳಿ. ನಾನು ಕಂಡದ್ದು ಅವರು ಕಂಡಿರಲಿಲ್ಲ.

ಎರಡನೆಯದು ಗುಂಬಜ್. ಅಲ್ಲಿ ಹೈದರ್, ಅವನ ಹೆಂಡತಿ ಫಕ್ರುನ್ನಿಸಾ, ಟಿಪ್ಪು ಮೂವರ ಸಮಾಧಿ ಇದೆ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಮಧ್ಯಾಹ್ನದ ಕಲ್ಲು ಕಾದಿರುತ್ತದೆ, ಕಾಲುಚೀಲ ಇರಲಿ. ಹೊರಗೆ ಸುತ್ತ 36 ಕಪ್ಪು ಕಂಬಗಳು, ಮುಖ ನೋಡಿಕೊಳ್ಳುವಷ್ಟು ನುಣುಪು. ಅದರ ಹತ್ತಿರವೇ ಬೇಯ್ಲಿಯ ಸ್ಮಾರಕ ಇದೆ. ಅವನ ಅಣ್ಣ ತಮ್ಮಂದಿರ ಮಗ, ಲಖನೌದಲ್ಲಿ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ, ಆಗಿದ್ದವನು, 1816ರಲ್ಲಿ ಕಟ್ಟಿಸಿದ್ದು. ಜನ ಗುಂಬಜ್ ನೋಡಿ ಹೊರಟುಬಿಡುತ್ತಾರೆ, ಇದನ್ನು ಕೇಳಿಕೊಂಡೇ ಹೋಗಬೇಕು.

ಮೂರನೆಯದು ಕೋಟೆಯೊಳಗೆ, ನದಿ ಕಡೆಯ ಗೋಡೆಗೆ ಅಂಟಿಕೊಂಡಿರುವ ಬೇಯ್ಲಿ ಸೆರೆಮನೆ. 1782ರಲ್ಲಿ ಅವನು ಈ ಊರಲ್ಲೇ ಸೆರೆಯಲ್ಲಿ ಸತ್ತ. ಗೋಡೆಯಿಂದ ಮುಂದೆ ಚಾಚಿರುವ ಕಲ್ಲುಗಳಲ್ಲಿ ತೂತುಗಳಿವೆ, ಕೈದಿಗಳನ್ನು ಕಟ್ಟಿಹಾಕಲು. ನಡುವೆ ಒಂದು ಫಿರಂಗಿ ಬಿದ್ದಿದೆ. ಮೇಲಿನ ಕೋಟೆಯಿಂದ ಚಾವಣಿ ಒಡೆದುಕೊಂಡು ಒಳಗೆ ಬಿತ್ತು ಅನ್ನುತ್ತಾರೆ. ಚಿತ್ರದಲ್ಲಿ ಸೋತವನು, ಸೆರೆಮನೆಯಲ್ಲಿ ಕೈದಿ, ಸ್ಮಾರಕದಲ್ಲಿ ಮನೆಯವರು ಮರೆಯದ ದೊಡ್ಡಪ್ಪನೋ ಚಿಕ್ಕಪ್ಪನೋ. ಮನುಷ್ಯ ಒಬ್ಬನೇ.

ಅಲ್ಲಿಂದ ಟಿಪ್ಪು ಬಿದ್ದ ಜಾಗಕ್ಕೆ ಹೋಗಿ. 1799ರ ಮೇ 4. ದೇಹ ಇಲ್ಲಿ ಸಿಕ್ಕಿತು ಅಂತ ಒಂದು ಸಣ್ಣ ಕಲ್ಲು, ಅಷ್ಟೇ. ಆಮೇಲೆ ಕೋಟೆ ಒಡೆದ ಪಶ್ಚಿಮದ ಮೂಲೆಗೆ ಹೋದರೆ ಅದೇ ದಿನ ಸತ್ತ ಕಂಪನಿ ಕಡೆಯವರಿಗೆ ಎತ್ತರದ ಸ್ತಂಭ. ಅದನ್ನು ನಿಲ್ಲಿಸಿದ್ದು ಇಂಗ್ಲಿಷರಲ್ಲ, 1907ರಲ್ಲಿ ಮೈಸೂರು ಸರ್ಕಾರ, ನಾಲ್ವಡಿಯವರ ಕಾಲದಲ್ಲಿ. ಇಲ್ಲಿ ನಮ್ಮ ಯಜಮಾನರೂ ನಾನೂ ಅರ್ಧ ಗಂಟೆ ವಾದ ಮಾಡಿದೆವು, ಇನ್ನೂ ಮುಗಿದಿಲ್ಲ. ಸ್ತಂಭದ ಮೇಲೆ ಹತ್ತಿ ರೀಲ್ಸ್ ಮಾಡುವವರು ಇರುತ್ತಾರೆ, ದಯವಿಟ್ಟು ನೀವು ಹತ್ತಬೇಡಿ. ಸಂಜೆ ಅಲ್ಲಿಂದ ಕಾವೇರಿ ನೋಡುತ್ತಾ ಕೂತರೆ ಮಾತು ತಾನಾಗಿ ಬರುತ್ತದೆ. ಬೆಳಕು ಉಳಿದಿದ್ದರೆ ಹೊಳೆ ಪಕ್ಕದ ಗ್ಯಾರಿಸನ್ ಸ್ಮಶಾನ. ಸುಮಾರು 300 ಗೋರಿಗಳು, ಅವುಗಳಲ್ಲಿ ಕಂಪನಿಗೆ ಕೂಲಿಗೆ ಬಂದ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರೂ ಇದ್ದಾರೆ, ಹೆಂಗಸರು ಮಕ್ಕಳೂ ಇದ್ದಾರೆ.

ರಾತ್ರಿ ಮೈಸೂರಲ್ಲಿ ತಂಗಿ. ಮರುದಿನ ಬೆಳಿಗ್ಗೆ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿ. ಸುಮಾರು 120 ಕಿಲೋಮೀಟರ್, ಮೂರು ಗಂಟೆ ಇಟ್ಟುಕೊಳ್ಳಿ. ಕುಶಾಲನಗರದ ಮೇಲೆ ತಿರುವುಗಳು ಶುರು. ವಾಂತಿ ಬರುವವರು ಮುಂದಿನ ಸೀಟಿನಲ್ಲಿ ಕೂರಲಿ, ಮೊಬೈಲ್ ಒಳಗಿಡಲಿ.

ಮಡಿಕೇರಿಯಲ್ಲಿ ಸ್ಮಾರಕಗಳು ವೃತ್ತಗಳಲ್ಲೇ ನಿಂತಿವೆ, ಆದ್ದರಿಂದ ಕಾರು ಒಂದು ಕಡೆ ಬಿಟ್ಟು ನಡೆಯಿರಿ. ಒಂದು ವೃತ್ತದಲ್ಲಿ ಕಾರ್ಯಪ್ಪ. 1949ರ ಜನವರಿ 15ರಂದು ಭಾರತದ ಸೈನ್ಯದ ಮುಖ್ಯಸ್ಥರಾದ ಮೊದಲ ಭಾರತೀಯ, ಅದಕ್ಕೇ ಆ ದಿನ ಸೇನಾ ದಿನ. ಖಾಸಗಿ ಬಸ್ ನಿಲ್ದಾಣದ ಹತ್ತಿರ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಹೋಗಿ, ತನ್ನ ಹಳೇ ಮಿಸ್ಟೇರ್ ವಿಮಾನದಲ್ಲಿ ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿದವರು. ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಆದ ಮೇಲೆ. ಇಲ್ಲಿ ಎರಡನೇ ಪ್ರಶ್ನೆಯ ಜೊತೆ ಯಾವಾಗ ಅಂತಲೂ ಕೇಳಬೇಕು ಅಂತ ಯಜಮಾನರು ನಿಯಮ ತಿದ್ದಿದರು.

ಉಳಿದ ಅರ್ಧ ದಿನ ಸನ್ನಿಸೈಡ್‌ಗೆ. ಜನರಲ್ ತಿಮ್ಮಯ್ಯ 1906ರಲ್ಲಿ ಹುಟ್ಟಿದ ಮನೆ. ಬಹಳ ಕಾಲ ಆರ್‌ಟಿಒ ಆಫೀಸ್ ಆಗಿತ್ತು, ಲೈಸೆನ್ಸಿಗೆ ಸಾಲು ನಿಲ್ಲುತ್ತಿದ್ದ ಮನೆ 2021ರಲ್ಲಿ ಮ್ಯೂಸಿಯಂ ಆಯಿತು. ಅಂಗಳದಲ್ಲಿ ಯುದ್ಧ ಸ್ಮಾರಕ, ಟ್ಯಾಂಕು ಇದೆ. ಒಳಗೆ ಹೋದಾಗ 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾದಲ್ಲಿ ನಡೆದ ಯುದ್ಧದ ಕಥೆಗೆ ಸಮಯ ಕೊಡಿ. ಹನ್ನೊಂದು ಸಾವಿರ ಅಡಿ ಮೇಲಿನ ಹಿಮದ ಕಣಿವೆಗೆ ಟ್ಯಾಂಕು ಹತ್ತಿಸಬಹುದು ಅಂತ ಎದುರಾಳಿ ಊಹಿಸಿರಲಿಲ್ಲ, ತಿಮ್ಮಯ್ಯ ಹತ್ತಿಸಿದರು. ಆಮೇಲೆ ಕೊರಿಯಾದಲ್ಲಿ ಯುದ್ಧ ಕೈದಿಗಳನ್ನು ವಾಪಸ್ ಕಳಿಸುವ ಆಯೋಗದ ಅಧ್ಯಕ್ಷರು, ಕೊನೆಗೆ ವಿಶ್ವಸಂಸ್ಥೆಯ ಪಡೆ ನಡೆಸುತ್ತಿದ್ದಾಗ ಸೈಪ್ರಸ್‌ನಲ್ಲಿ 1965ರಲ್ಲಿ ತೀರಿಕೊಂಡರು. ಅಷ್ಟು ದೂರ ಹೋದವರ ತೊಟ್ಟಿಲಿನ ಮನೆ ನೋಡುವಾಗ ನನಗೆ ಬೋರ್ಡ್ ಓದಿ ಮುಗಿದದ್ದೇ ತಿಳಿಯಲಿಲ್ಲ. ಕಾಫಿ ನೆನಪಿಸಿದ್ದು ಅವರು.

ಮೂರನೇ ದಿನ ಸೋಮವಾರಪೇಟೆ, ಶನಿವಾರಸಂತೆ ಕಡೆಯಿಂದ ಸಕಲೇಶಪುರಕ್ಕೆ ಬನ್ನಿ. ಅಲ್ಲಿ ಮಂಜರಾಬಾದ್ ಕೋಟೆ, ಟಿಪ್ಪು 1792ರಲ್ಲಿ ಮುಗಿಸಿದ ಎಂಟು ಮೂಲೆಯ ನಕ್ಷತ್ರ. ಫೋಟೋದಲ್ಲಿ ನೋಡಿದ ನಕ್ಷತ್ರ ಅಲ್ಲಿ ಕಾಣುವುದಿಲ್ಲ, ಅದು ಆಕಾಶದಿಂದ ತೆಗೆದದ್ದು. ಸುಮ್ನೆ ಬೇಜಾರಾಗಬೇಡಿ. ಗೋಡೆಯ ಪಕ್ಕದಲ್ಲೇ ಒಂದು ಸುತ್ತು ನಡೆದರೆ ತಿರುವು ಎಣಿಸಿ ಆಕಾರ ತಿಳಿಯಬಹುದು. ಮೆಟ್ಟಿಲು ಸಾಕಷ್ಟಿದೆ, ಮಂಡಿ ನೋವಿರುವವರು ನಿಧಾನ. ಮಳೆ ಬಿದ್ದಿದ್ದರೆ ಕಲ್ಲು ಜಾರುತ್ತದೆ. ಭಾನುವಾರ ಆಗಿದ್ದರೆ ಹನ್ನೆರಡರೊಳಗೆ ಇಳಿದು, ಹಾಸನದಲ್ಲಿ ಊಟ ಮುಗಿಸಿ ಎರಡಕ್ಕೆಲ್ಲ ಹೊರಟುಬಿಡಿ. ತಡವಾದರೆ ನೆಲಮಂಗಲದಲ್ಲಿ ಊರಿಗೆ ವಾಪಸ್ ಬರುವವರೆಲ್ಲ ಒಟ್ಟಿಗೆ ಸಿಗುತ್ತಾರೆ. ಮೊದಲ ಸಲ ನಾವು ಅಲ್ಲೇ ನಿಂತು, ಮುಂದಿನ ಲಾರಿಯ ಹಿಂದೆ ಬರೆದಿದ್ದನ್ನು ಇಬ್ಬರೂ ಕೊನೆಯ ಸಾಲಿನವರೆಗೂ ಓದಿದ್ದೆವು.