ದಸರಾ ಗೊಂಬೆಯ ಒಂದು ಮೆಟ್ಟಿಲು ವರ್ಷವೆಲ್ಲ ನಮ್ಮ ಹಾಲ್‌ನಲ್ಲೇ ಉಳಿಯಿತು

ಮೂರು ವರ್ಷದ ಹಿಂದೆ ವಿಜಯದಶಮಿಯ ರಾತ್ರಿ ಇದು ಶುರುವಾಗಿದ್ದು. ಮೈಸೂರಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಅವತ್ತು ರಾತ್ರಿ ಒಂದು ಗೊಂಬೆಯನ್ನು ಮಲಗಿಸುತ್ತಾರೆ. ಮಾರನೇ ದಿನ ಎಲ್ಲವನ್ನೂ ಹಳೇ ಪಂಚೆ, ಪೇಪರ್‌ನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸುವುದು. ನಮ್ಮಮ್ಮ ಪಟ್ಟದ ರಾಣಿಯನ್ನು ಮಲಗಿಸಿದ್ದೇ ತಡ, ಆಗ ಆರು ವರ್ಷದ ಮಗಳು ಅಳೋಕೆ ಶುರು ಮಾಡಿದಳು. "ಶೆಟ್ಟರ ಅಂಗಡಿ ಒಂದನ್ನ ಮಾತ್ರ ಎತ್ತಬೇಡಪ್ಪ" ಅಂತ ನನ್ನ ಪಂಚೆ ಹಿಡಿದು ಜಗ್ಗಿದಳು.

ಅವಳು ಆ ಒಂಬತ್ತು ದಿನವೂ ಆ ಅಂಗಡಿಯ ಮುಂದೆಯೇ ಕೂತಿದ್ದಳು. ದಪ್ಪ ಹೊಟ್ಟೆಯ ಶೆಟ್ಟರು, ಪಕ್ಕದಲ್ಲಿ ಅವರ ಹೆಂಡತಿ, ಎದುರಿಗೆ ಬೆರಳುದ್ದದ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಹೆಸರುಕಾಳು. ದಿನಾ ಬೆಳಗ್ಗೆ ಬಟ್ಟಲು ಖಾಲಿ ಮಾಡಿ ಮತ್ತೆ ತುಂಬುತ್ತಿದ್ದಳು. ಅದು ಅವಳ ಕೆಲಸ. ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಪಟ್ಟದ ಗೊಂಬೆ ಪೆಟ್ಟಿಗೆಗೆ ಹೋಗಲೇಬೇಕು, ಅದು ನಮ್ಮಮ್ಮ ಕೊಟ್ಟಿದ್ದು. ಮಿಕ್ಕಿದ್ದರಲ್ಲಿ ನಿಮಗೆ ಬೇಕಾದ್ದು ಇಟ್ಕೊಳಿ" ಅಂದರು. ಹಾಗಾಗಿ ಏಳು ಮೆಟ್ಟಿಲಲ್ಲಿ ಆರು ಕಳಚಿದೆವು, ಒಂದು ಮರದ ಹಲಗೆ ಟಿವಿ ಪಕ್ಕದಲ್ಲಿ ಎರಡು ಸ್ಟೂಲ್ ಮೇಲೆ ಉಳಿಯಿತು.

ಮೊದಲ ಎರಡು ವಾರ ನಾನು ತಪ್ಪು ಮಾಡಿದೆ. ಉತ್ಸಾಹ ಜಾಸ್ತಿಯಾಗಿ ಸೀರಿಯಲ್ ಲೈಟು, ಥರ್ಮಾಕೋಲು, ಬಣ್ಣದ ಹಾಳೆ ಎಲ್ಲ ತಂದು ರಾತ್ರಿ ಕೂತು ನಾನೇ ಒಂದು ಅರಮನೆ ಮಾಡಿದೆ. ಮಗಳು ಬೆಳಗ್ಗೆ ಎದ್ದು ನೋಡಿ "ಚೆನ್ನಾಗಿದೆ" ಅಂದಳು. ಅಷ್ಟೇ. ಸಂಜೆಯೊಳಗೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಬೇಕಿದ್ದದ್ದು ಬಟ್ಟಲು ತುಂಬುವ ಕೆಲಸ, ನಾನು ಕೊಟ್ಟಿದ್ದು ನೋಡೋಕೆ ಒಂದು ವಸ್ತು. ಇದು ಅರ್ಥವಾದ ಮೇಲೆ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡೆವು. ಪ್ರತಿ ಶನಿವಾರ ಮಧ್ಯಾಹ್ನ ಮೆಟ್ಟಿಲು ಬದಲಾಗುತ್ತದೆ, ಏನು ಬರಬೇಕು ಅಂತ ಮಕ್ಕಳೇ ತೀರ್ಮಾನ ಮಾಡುತ್ತಾರೆ, ಮನೆಯಲ್ಲಿ ಇರುವ ಸಾಮಾನಿನಲ್ಲೇ ಆಗಬೇಕು, ದೊಡ್ಡವರು ಕೇಳಿದರೆ ಮಾತ್ರ ಕೈ ಹಾಕಬೇಕು.

ಅಲ್ಲಿಂದ ಏನೇನು ಬಂದಿದೆ ಅಂತೀರಾ! ದೇವರಾಜ ಮಾರ್ಕೆಟ್ ಬಂದಿದೆ, ಬಾಟಲಿ ಮುಚ್ಚಳಗಳಲ್ಲಿ ಅರಿಶಿನ, ಕುಂಕುಮ ಗೋಪುರದ ಹಾಗೆ ಒತ್ತಿ ಇಟ್ಟು. ಮೃಗಾಲಯ ಬಂದಿದೆ. ಮಂಡ್ಯದ ಹತ್ತಿರ ನಮ್ಮ ಅತ್ತೆಯ ಊರಲ್ಲಿ ಆಲೆಮನೆ ನೋಡಿಕೊಂಡು ಬಂದ ವಾರ, ತೆಂಗಿನ ಚಿಪ್ಪೇ ಕೊಪ್ಪರಿಗೆ ಆಗಿ, ಕೊತ್ತಂಬರಿ ದಂಟೇ ಕಬ್ಬಾಗಿ, ಒಳಗೆ ನಿಜವಾದ ಬೆಲ್ಲದ ಪಾನಕ ಹುಯ್ದಿದ್ದರು. ರಾತ್ರಿಯೊಳಗೆ ಇರುವೆ ಸಾಲುಗಟ್ಟಿ ಬಂತು. ಮರುದಿನದಿಂದ ಬೆಲ್ಲದ ಬದಲು ಕಾಫಿ ಡಿಕಾಕ್ಷನ್.

ಗೊಂಬೆ ಹಬ್ಬದಲ್ಲಿ ಪಾರ್ಕ್ ಮಾಡೋಕೆ ರಾಗಿ ಪೈರು ಬೆಳೆಸುತ್ತಾರಲ್ವಾ, ಅದನ್ನು ಈಗ ಐದು ವರ್ಷದ ಮಗನಿಗೆ ಬಿಟ್ಟಿದ್ದೇವೆ. ರಾತ್ರಿ ರಾಗಿ ನೆನೆಸಿ, ತಟ್ಟೆಯಲ್ಲಿ ತೆಳ್ಳಗೆ ಮಣ್ಣು ಹರಡಿ ಮೇಲೆ ಉದುರಿಸಿದರೆ ಮೂರ್ನಾಲ್ಕು ದಿನಕ್ಕೆ ಮೊಳಕೆ, ಇನ್ನೊಂದು ವಾರಕ್ಕೆ ಒಳ್ಳೇ ಹುಲ್ಲು. ಮೊದಲ ಸಲ ಅವನು ಪ್ರೀತಿ ಹೆಚ್ಚಾಗಿ ಚೊಂಬಲ್ಲಿ ನೀರು ಹುಯ್ದು ಎಲ್ಲ ಕೊಳೆತು ವಾಸನೆ ಬಂತು. ಈಗ ಕೈಯಲ್ಲಿ ಚಿಮುಕಿಸುತ್ತಾನೆ, ದಿನಕ್ಕೆ ಎರಡು ಸಲ. ಚಿಕ್ಕ ಮಕ್ಕಳಿಗೆ ರಾಗಿಯೇ ಒಳ್ಳೇದು. ಬೇಗ ಬರುತ್ತೆ, ಕಾಯೋಕೆ ಆಗುತ್ತೆ.

ಇನ್ನೊಂದು ದಸರಾದ ತುಂಡೂ ಉಳಿಸಿಕೊಂಡೆವು. ಗೊಂಬೆ ಬಾಗಿನ. ನಾವು ಚಿಕ್ಕವರಿದ್ದಾಗ "ಗೊಂಬೆ ಕೂರ್ಸಿದ್ದೀರಾ?" ಅಂತ ಬೀದಿಯ ಮನೆಮನೆಗೂ ನುಗ್ಗುತ್ತಿದ್ದೆವು, ಒಂದೊಂದು ಮನೆಯಲ್ಲಿ ಒಂದೊಂದು ತಿಂಡಿ. ಈಗ ಶನಿವಾರ ಸಂಜೆ ಪಕ್ಕದ ಮನೆಯ ಮಕ್ಕಳು ನಾಲ್ಕೈದು ಜನ ಬಂದು ಬಾಗಿಲಲ್ಲೇ ನಿಂತು ಅದನ್ನೇ ಕೂಗುತ್ತಾರೆ. ಪುರಿ ಒಗ್ಗರಣೆಯೋ, ಕಡಲೆಕಾಯಿ ಬೀಜವೋ, ಬಾಳೆಹಣ್ಣೋ, ಏನಿದ್ದರೆ ಅದು. ಪೊಟ್ಟಣ ಕಟ್ಟುವುದು ಮಗಳು. ವಿಶೇಷ ತಿಂಡಿ ಮಾಡೋಕೆ ಹೋಗಬೇಡಿ, ಹೋದರೆ ಮೂರನೇ ವಾರಕ್ಕೆ ನಿಮಗೇ ಸುಸ್ತಾಗಿ ನಿಂತುಹೋಗುತ್ತೆ.

ಬುಧವಾರ ಚೌಕಾಬಾರ. ನಾನು ಮಂಡ್ಯದಲ್ಲಿ ಕೆಲಸ ಮಾಡೋದು, ದಿನಾ ರೈಲಿನಲ್ಲಿ ಹೋಗಿಬರುತ್ತೇನೆ, ಬುಧವಾರ ಮಾತ್ರ ಸ್ವಲ್ಪ ಬೇಗ ಬರೋಕೆ ಆಗುತ್ತೆ. ಕವಡೆ ಇರಲಿಲ್ಲ. ಅಮ್ಮ ನಾಲ್ಕು ದಪ್ಪ ಹುಣಸೆ ಬೀಜ ಆರಿಸಿ ಮಗಳ ಕೈಗೆ ಕೊಟ್ಟು, ಹಿತ್ತಲ ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜು ಅಂದರು. ಒಂದು ಮಗ್ಗುಲು ಮಾತ್ರ ತೇಯಬೇಕು, ಕಂದು ಸಿಪ್ಪೆ ಹೋಗಿ ಒಳಗಿನ ಬಿಳಿ ಕಾಣುವ ತನಕ. ಬೀಜ ಬಿಸಿಯಾಗಿ ಬೆರಳು ಸುಟ್ಟರೆ ನೀರಿಗೆ ಅದ್ದಿ ಮತ್ತೆ ಉಜ್ಜಿದಳು. ನಾಲ್ಕು ಬೀಜ ಆಗೋಕೆ ಎರಡು ಸಂಜೆ ಹಿಡಿಯಿತು. ನಾಲ್ಕೂ ಬಿಳಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಕಂದು ಬಿದ್ದರೆ ಎಂಟು, ಎರಡಕ್ಕೂ ಇನ್ನೊಂದು ಆಟ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಗೀಚಿದರೆ ಸಾಕು. ಹೊಡೆಸಿಕೊಂಡಾಗೆಲ್ಲ ಮಗ ಕಾಯಿ ಎಸೆದು ರಂಪ ಮಾಡುತ್ತಿದ್ದ. ಅದಕ್ಕೆ ಅವನನ್ನೂ ಅಜ್ಜಿಯನ್ನೂ ಒಂದೇ ಕಡೆ ಮಾಡಿದೆವು. ಅವನು ಬೀಜ ಹಾಕುತ್ತಾನೆ, ಅಜ್ಜಿ ಕಾಯಿ ನಡೆಸುತ್ತಾರೆ. ಅವರು ಆಡಿದ್ದು ಅರವತ್ತು ವರ್ಷ, ಸೋಲೋದು ಅಪರೂಪ.

ಹುಣ್ಣಿಮೆ ಬಂದರೆ ತಾರಸಿ ಮೇಲೆ ಬೆಳದಿಂಗಳ ಊಟ. ತಟ್ಟೆ ಇಲ್ಲ. ದೊಡ್ಡ ಪಾತ್ರೆಯಲ್ಲಿ ಹುಳಿಯನ್ನ ಕಲಸಿ ಅಮ್ಮ ನಡುವೆ ಕೂರುತ್ತಾರೆ, ನಾವೆಲ್ಲ ಸುತ್ತ. ಕೈತುತ್ತು ಕೊಡುವಾಗ ತುತ್ತಿನ ನಡುವೆ ಹೆಬ್ಬೆರಳಲ್ಲಿ ಒತ್ತಿ ಗುಂಡಿ ಮಾಡಿ ಅದಕ್ಕೆ ಚೂರು ತುಪ್ಪ ಬಿಡುತ್ತಾರೆ, ಮೊಸರನ್ನಕ್ಕಾದರೆ ಮಾವಿನಕಾಯಿ ಉಪ್ಪಿನಕಾಯಿಯ ರಸ. ಕಥೆ ತುತ್ತಿಗೆ ಇಷ್ಟು ಅಂತ ಮುಂದಕ್ಕೆ ಹೋಗುತ್ತೆ, ಒಬ್ಬರು ಕೈ ಒಡ್ಡದಿದ್ದರೆ ಎಲ್ಲರಿಗೂ ಕಥೆ ನಿಲ್ಲುತ್ತೆ. ಕಲಸನ್ನ ಬೇಡ ಅಂತ ಹಟ ಮಾಡುವ ಮಗ ಅವತ್ತು ಹನ್ನೊಂದು ತುತ್ತು ತಿಂದಿದ್ದಾನೆ, ನಾನು ಎಣಿಸಿದ್ದೇನೆ. ಹೋದ ತಿಂಗಳು ಅಮ್ಮನಿಗೆ ಮಣಿಕಟ್ಟು ನೋವಿತ್ತು, ನನ್ನ ಕೈಗೇ ಪಾತ್ರೆ ಕೊಟ್ಟರು. ಅವರಿಗೆ ನಾನು ತುತ್ತು ಕೊಟ್ಟಿದ್ದು ಅದೇ ಮೊದಲು.

ಭಾನುವಾರ ಯಾವಾಗಲಾದರೂ ಅರಮನೆ ದೀಪ ನೋಡೋಕೆ ಹೋಗುತ್ತೇವೆ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುವ ಆ ಗಳಿಗೆಗೆ ಮಕ್ಕಳು ಹತ್ತರಿಂದ ಹಿಂದಕ್ಕೆ ಎಣಿಸುತ್ತಾರೆ. ದೊಡ್ಡಕೆರೆ ಮೈದಾನದ ಕಡೆ ನಿಂತರೂ ಕಾಣುತ್ತೆ. ಆದರೆ ಪ್ರತಿ ವಾರ ಅಂತ ಇಟ್ಟುಕೊಂಡಿಲ್ಲ, ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಎಲ್ಲರೂ ಸಿಡುಕುತ್ತಾ ಮನೆ ಸೇರುವುದು ಬೇಡ.

ಕೆಲವು ಶನಿವಾರ ತಪ್ಪಿದ್ದೂ ಇದೆ. ಜ್ವರ, ಮದುವೆ, ಪರೀಕ್ಷೆ. ಒಮ್ಮೆ ಒಂದು ತಿಂಗಳು ಅದೇ ಮೃಗಾಲಯ ಧೂಳು ಹಿಡಿದು ಕೂತಿತ್ತು. ಯಾರೂ ಯಾರನ್ನೂ ಬೈಯಲಿಲ್ಲ, ಐದನೇ ವಾರ ಮಗನೇ ಆನೆಯನ್ನು ಒರೆಸಿ ಕೆಳಗಿಳಿಸಿದ.

ಈ ವಾರ ಏನು ಅಂತ ಇನ್ನೂ ಗುಟ್ಟು. ಹನ್ನೆರಡು ಖಾಲಿ ಬೆಂಕಿಪೊಟ್ಟಣ ಬೇಕಂತೆ. ಬೀದಿ ತುದಿಯ ಟೀ ಅಂಗಡಿಯಲ್ಲಿ ಕೇಳಿ ಇಟ್ಟುಕೊಂಡಿದ್ದೇನೆ, ಎಂಟು ಸಿಕ್ಕಿವೆ.