ಒಂದೇ ಗೋಡೆಯಲ್ಲಿ ಕಾವಿ, ಫ್ರೆಸ್ಕೊ ಮತ್ತು ಬಣ್ಣದ ವೇಷ

ಉಡುಪಿಯ ಹಳೆಯ ಮನೆಯೊಂದರ ಚಾವಡಿ ಗೋಡೆಗೆ ಚಿತ್ರ ಬೇಕಿತ್ತು. ಮನೆಯವರಿಗೆ ಯಕ್ಷಗಾನದ ಬಣ್ಣದ ವೇಷವೇ, ಅಂದರೆ ರಾಕ್ಷಸ ಪಾತ್ರವೇ ಆಗಬೇಕು, ಆದರೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳ ಹಾಗೆ ಮುಖಕ್ಕೆ ನೆರಳು-ಬೆಳಕೂ ಇರಬೇಕು. ನನ್ನ ಕೈ ಪಳಗಿದ್ದು ಕಾವಿ ಕಲೆಯಲ್ಲಿ.

ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ತೆಳು ಪದರ ಎಳೆದು, ಅದು ಹಸಿಯಿರುವಾಗಲೇ ಉಕ್ಕಿನ ಮೊನೆಯಿಂದ ಗೀರಿ ಕೆಳಗಿನ ಬಿಳಿಯನ್ನು ಕಾಣಿಸುವುದು ಕಾವಿ. ಇರುವುದು ಎರಡೇ ಬಣ್ಣ, ನೆರಳಿಗೆ ಜಾಗವಿಲ್ಲ. ಇಟಲಿಯ ಆಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಆ ಚಾಪೆಲ್‌ನಲ್ಲಿ ಬರೆದದ್ದು ಇದಕ್ಕೆ ಪೂರ್ತಿ ವಿರುದ್ಧ ಎನಿಸುತ್ತದೆ. ಆದರೆ ಅಲ್ಲಿನ ಫ್ರೆಸ್ಕೊಗೂ, ಅಂದರೆ ಹಸಿ ಗಾರೆಯ ಮೇಲೆ ಬರೆಯುವ ಚಿತ್ರಕ್ಕೂ, ಹಸಿ ಸುಣ್ಣವೇ ಆಧಾರ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣ ಕಲ್ಲಾಗುತ್ತದೆ, ಬಣ್ಣ ಅದರೊಳಗೇ ಉಳಿಯುತ್ತದೆ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷದ ಮುಖಕ್ಕೆ ಉಬ್ಬಾಗಿ ಇಡುವ ಬಿಳಿ ಚುಟ್ಟಿಯೂ ಅಕ್ಕಿಹಿಟ್ಟು, ಸುಣ್ಣಗಳದ್ದು. ಮೂರನ್ನೂ ಬೆಸೆಯುವ ದಾರಿ ನನಗೆ ಸಿಕ್ಕಿದ್ದು ಇಲ್ಲಿ. ಒಂದು ಶೈಲಿಯ ಆಕಾರವನ್ನು ಇನ್ನೊಂದರ ಮೇಲೆ ಅಂಟಿಸಿದರೆ ಅದು ಅಲಂಕಾರ ಮಾತ್ರ ಎಂದೇ ನನ್ನ ನಂಬಿಕೆ.

ಕಿರೀಟ, ಭುಜಕೀರ್ತಿ, ಎದೆಯ ಆಭರಣಗಳನ್ನೆಲ್ಲ ಕಾವಿಯಲ್ಲೇ ಗೀರಿದೆ. ಅವು ಹೇಗೂ ವೃತ್ತ, ಎಸಳು, ಚುಕ್ಕೆಗಳ ಲೆಕ್ಕಾಚಾರ. ಕೈವಾರ ಹಿಡಿದರೆ ತಾವಾಗಿ ಕೂರುತ್ತವೆ. ಮುಖದ ಜಾಗವನ್ನು ಖಾಲಿ ಬಿಟ್ಟು, ಬರೆಯುವ ದಿನ ಬೆಳಿಗ್ಗೆಯೇ ಅಲ್ಲಿ ಹೊಸ ಸುಣ್ಣ ಎಳೆದೆ. ಅದು ಆರುವುದರೊಳಗೆ ಮುಖ ಮುಗಿಯಬೇಕು. ಸುಣ್ಣದ ಕ್ಷಾರಕ್ಕೆ ಕೆಡದ ಮಣ್ಣಿನ ಬಣ್ಣಗಳು ಮಾತ್ರ: ಕಾವಿ, ಹಳದಿ ಮಣ್ಣು, ಹಸಿರು ಮಣ್ಣು. ಒಣಗಿದ ಮೇಲೆ ಎಲ್ಲವೂ ತಿಳಿಯಾಗುವುದರಿಂದ ಒಂದು ಛಾಯೆ ಗಾಢವಾಗಿಯೇ ಹಚ್ಚಬೇಕು.

ಬೆಳಕು ಎಲ್ಲಿಂದ ಬೀಳಬೇಕು ಎಂಬುದು ನನ್ನನ್ನು ಬಹಳ ಕಾಡಿತು. ಚಾಪೆಲ್‌ನ ಬೆಳಕು ಈ ಮುಖಕ್ಕೆ ಹೊಂದದು. ಹಿಂದಿನ ಯಕ್ಷಗಾನ ಆಟಗಳ ದೊಂದಿಯ ಬೆಳಕನ್ನೇ ಎರಡೂ ಬದಿಯಿಂದ ತಂದೆ. ಹಣೆಯ ನಡುವೆ, ಗಲ್ಲದ ಕೆಳಗೆ ನೆರಳು ಇಳಿಯಿತು, ವೇಷಕ್ಕೆ ರೌದ್ರ ಬಂತು. ಕೊನೆಗೆ ಚುಟ್ಟಿಯನ್ನು ಸುಣ್ಣದಲ್ಲೇ ಉಬ್ಬಾಗಿ ಇಟ್ಟೆ.

ನಮ್ಮ ಕರಾವಳಿಯ ತೇವಕ್ಕೆ ಸುಣ್ಣ ನಿಧಾನವಾಗಿ ಆರುತ್ತದೆ, ಬರೆಯುವವರಿಗೆ ಅದು ಅನುಕೂಲ. ಮಳೆಗಾಲದಲ್ಲಿ ಮಾತ್ರ ಕೈಹಾಕಬೇಡಿ. ಮುಗಿದ ಗೋಡೆಗೆ ಪ್ಲಾಸ್ಟಿಕ್ ವಾರ್ನಿಷ್ ಸಹ ಬೇಡ, ಗೋಡೆಯ ತೇವ ಹೊರಹೋಗಲು ದಾರಿ ಇರಬೇಕು.